2025ರ ಅಕ್ಟೋಬರಿನಲ್ಲಿ ದೇಶದ ಬೆಲೆಯೇರಿಕೆ ಶೇ. 0.25 ಅಂತೆ, ಸರ್ಕಾರದ ಲೆಕ್ಕ. ಇಡ್ಲಿಗೆ ಐದು ರೂಪಾಯಿ ಏರಿಸಿದ ನಾನು ಗಿರಾಕಿಗೆ ಏನು ಹೇಳಲಿ?

ಮುಲುಂಡಿನ ಹೋಟೆಲಿನವ:

ಎಲ್ಲರಿಗೂ ನಮಸ್ಕಾರ. ಮುಲುಂಡಿನಲ್ಲಿ ನನ್ನದೊಂದು ಸಣ್ಣ ಹೋಟೆಲು ಉಂಟು, ಹನ್ನೊಂದು ಟೇಬಲು. ಊರು ಕಾಪು ಹತ್ತಿರ. 1979ರಲ್ಲಿ, ಹದಿಮೂರನೇ ವಯಸ್ಸಿಗೆ, ಸೋದರಮಾವನ ಹಿಂದೆ ಬಸ್ಸು ಹತ್ತಿ ಮುಂಬಯಿಗೆ ಬಂದವ. ಹಗಲು ಫೋರ್ಟಿನಲ್ಲಿ ಟೇಬಲು ಒರೆಸುವ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಅಲ್ಲಿ ಲೆಕ್ಕದ ಮಾಸ್ಟ್ರು ಹೇಳಿದ್ದರು, "ಆ ದಿನದ ಖರ್ಚು ಆ ದಿನವೇ ಬರೆದು ಮಲಗು" ಅಂತ. 1994ರಲ್ಲಿ ಸ್ವಂತ ಗಲ್ಲೆಯಲ್ಲಿ ಕೂತಂದಿನಿಂದ ಒಂದು ದಿನವೂ ತಪ್ಪಿಸಿದ್ದಿಲ್ಲ. ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ. ದೀಪಾವಳಿಯ ಅಂಗಡಿಪೂಜೆಗೆ ಹಳತನ್ನು ಮುಚ್ಚಿ ಹೊಸತಕ್ಕೆ ಕುಂಕುಮ ಹಚ್ಚುವುದು. ಈ ವರ್ಷ ತೆರೆದದ್ದು ಮೂವತ್ತೆರಡನೆಯದು.

ಹಳೇ ಪುಸ್ತಕವನ್ನು ಕಪಾಟಿಗೆ ಸೇರಿಸುವ ಮುಂಚೆ ಈ ಸಲ ಅದರ ಮೊದಲ ಪುಟ, ಕೊನೆಯ ಪುಟ ಎರಡನ್ನೂ ಒಟ್ಟಿಗೆ ಹಿಡಿದು ನೋಡಿದೆ. ತೆಂಗಿನಕಾಯಿ ಒಂದಕ್ಕೆ 36 ಇದ್ದದ್ದು 58. ಕಾಫಿಪುಡಿ ಕಿಲೋಗೆ 540 ಇದ್ದದ್ದು 720. ಹದಿನೈದು ಕಿಲೋದ ಎಣ್ಣೆ ಡಬ್ಬ 2,080ರಿಂದ 2,310. ಸುಳ್ಳು ಹೇಳಬಾರದು, ಇಳಿದದ್ದೂ ಉಂಟು. ನೀರುಳ್ಳಿ 52ರಿಂದ 17ಕ್ಕೆ, ಟೊಮೆಟೊ 60ರಿಂದ 24ಕ್ಕೆ, ತೊಗರಿಬೇಳೆ 158ರಿಂದ 112ಕ್ಕೆ. ಆದರೆ ನೀರುಳ್ಳಿ ಇಳಿಯಿತೆಂದು ಚಟ್ನಿಗೆ ಕಾಯಿ ಬೇಡ ಎನ್ನಲು ಆಗುತ್ತದಾ? ಹುಡುಗರಿಗೆ ಊಟ-ವಸತಿ ಬಿಟ್ಟು ತಿಂಗಳಿಗೆ 2,000 ಜಾಸ್ತಿ ಕೊಡುತ್ತಿದ್ದೇನೆ, ಕೊಡದಿದ್ದರೆ ನಿಲ್ಲುವುದಿಲ್ಲ. ಕರಾರಿನ ಪ್ರಕಾರ ಬಾಡಿಗೆಯೂ ಏರಿತು. ಎರಡು ವಾರ ತಡೆದು ನೋಡಿದೆ. ಕೊನೆಗೆ ಬೋರ್ಡಿನಲ್ಲಿ ಇಡ್ಲಿ ಪ್ಲೇಟಿನ 45 ಅಳಿಸಿ 50 ಬರೆದೆ.

ನಾಲ್ಕನೇ ಟೇಬಲಿಗೆ ಸೋಮವಾರ, ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಒಬ್ಬರು ಮರಾಠಿ ಅಜ್ಜ ಬರುತ್ತಾರೆ. ಎಲ್‌ಬಿಎಸ್ ರಸ್ತೆಯ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡಿದವರು. ಕಾರ್ಖಾನೆ ಮುಚ್ಚಿ ಬಹಳ ವರ್ಷ ಆಯಿತು, ಆ ಜಾಗದಲ್ಲಿ ಈಗ ಎತ್ತರದ ಕಟ್ಟಡ. ಪಿಎಫ್ ಪಿಂಚಣಿ ತಿಂಗಳಿಗೆ 1,840 ರೂಪಾಯಿ ಎಂದು ಅವರೇ ಹೇಳಿದ್ದು. ನವೆಂಬರ್ 13, ಗುರುವಾರ, ಇಡ್ಲಿ ತಿಂದು ಗಲ್ಲೆಯ ಹತ್ತಿರ ಬಂದರು. ಅಂಗೈಯಲ್ಲಿ ಹತ್ತರ ನಾಣ್ಯ ಐದು. ಬಗಲಲ್ಲಿದ್ದ ಪೇಪರು ಬಿಡಿಸಿ ಒಂದು ಸುದ್ದಿಯ ಮೇಲೆ ಬೆರಳಿಟ್ಟು ಕೇಳಿದರು: "ಶೇಟ್, ಮಹಾಗಾಯಿ (ಬೆಲೆಯೇರಿಕೆ) ಸೊನ್ನೆಗೆ ಬಂತು ಅಂತ ಸರ್ಕಾರ ಹೇಳಿದೆ. ನಿಮ್ಮ ಇಡ್ಲಿಗೆ ಮಾತ್ರ ಯಾಕೆ ಐದು ರೂಪಾಯಿ ಜಾಸ್ತಿ?"

ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ್ದು. ಅದಕ್ಕೇ ನನಗೆ ಜಾಸ್ತಿ ಬೇಜಾರಾಯಿತು. ಮೂವತ್ತೊಂದು ವರ್ಷದಲ್ಲಿ ಒಬ್ಬ ಗಿರಾಕಿಯ ಎದುರು ತಲೆ ತಗ್ಗಿಸಿ ಚಿಲ್ಲರೆ ತೆಗೆದುಕೊಂಡದ್ದು ಅದೇ ಮೊದಲು.

ಪಕ್ಕದ ಟೇಬಲಿನವರಿಗೆ ಅಷ್ಟು ಸಾಕಾಯಿತು. ಒಬ್ಬ ಅಂದ, ಅಂಕಿ ಎಲ್ಲ ದಿಲ್ಲಿಯಲ್ಲಿ ಕೂತು ಮಾಡುವ ಸುಳ್ಳು ಅಂತ. ಇನ್ನೊಬ್ಬ ಅಂದ, ಮೋದಿ ಬೆಲೆ ಇಳಿಸಿದರೂ ನಿಮ್ಮಂಥ ವ್ಯಾಪಾರಿಗಳು ಜನರಿಗೆ ಮುಟ್ಟಲು ಬಿಡುವುದಿಲ್ಲ ಅಂತ. ಇಬ್ಬರೂ ನನ್ನ ಪುಸ್ತಕ ನೋಡಿಲ್ಲ, ಸರ್ಕಾರದ ಲೆಕ್ಕವನ್ನೂ ನೋಡಿಲ್ಲ.

ನನಗೆ ಪಕ್ಷದ ಮಾತು ಬೇಡ ಮಾರಾಯ್ರೆ. ಆ 0.25 ಎಂಬುದು ಎಲ್ಲಿಂದ ಬರುತ್ತದೆ? ಅದು ಸರಿಯಾದರೆ ನನ್ನ ಪುಸ್ತಕ ತಪ್ಪಾ? ತಿಳಿದವರು ಬಿಡಿಸಿ ಹೇಳಿ. ಸೋಮವಾರ ಅಜ್ಜ ಪುನಃ ಬರುತ್ತಾರೆ.

ಥಾಣೆ ಕನ್ನಡಿಗ:

ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಆದರೆ ಒಂದು ಮಾತು ಹೇಳಲೇಬೇಕು. 2013ರ ನವೆಂಬರಿನಲ್ಲಿ ಇದೇ ಅಂಕಿ ಶೇ. 11 ದಾಟಿತ್ತು. ಆಗ ನನಗೆ ಹೊಸದಾಗಿ ಮದುವೆಯಾಗಿ ಕಳ್ವಾದಲ್ಲಿ ಒಂದು ಕೋಣೆಯ ಸಂಸಾರ, ಹತ್ತನೇ ತಾರೀಕಿಗೆ ಸಂಬಳ ಖಾಲಿ. ಆಮೇಲೆ ಕೊರೊನಾ ಬಂತು, ಯುದ್ಧ ಬಂತು, 2022ರಲ್ಲಿ ಅಮೆರಿಕದಲ್ಲೇ ಬೆಲೆಯೇರಿಕೆ ಶೇ. 9 ಆಯಿತು. ನಮ್ಮಲ್ಲಿ ಅಷ್ಟು ಹೋಗಲಿಲ್ಲ. ಈ ಬಜೆಟ್ಟಿನಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದರು, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಸಿದರು. ನನ್ನ ಮನೆಗೆ ಎರಡೂ ಮುಟ್ಟಿವೆ. ಒಳ್ಳೆಯದಾದದ್ದನ್ನು ಒಳ್ಳೆಯದೆನ್ನಲು ಜನರಿಗೆ ಯಾಕೆ ಇಷ್ಟು ಕಷ್ಟ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಮುಲುಂಡಿನ ಹೋಟೆಲಿನವ:

ಇಲ್ಲ ತಮ್ಮಾ, ಬೇಸರ ಎಂತದ್ದೂ ಇಲ್ಲ. ಬೆಣ್ಣೆ, ತುಪ್ಪ ಶೇ. 12ರಿಂದ 5ಕ್ಕೆ ಇಳಿದದ್ದು ನನ್ನ ಪುಸ್ತಕದಲ್ಲೂ ಬಂದಿದೆ. ತುಪ್ಪದ ದೋಸೆಗೆ ಅದಕ್ಕೇ ನಾನು ಏರಿಸಲಿಲ್ಲ. ಆದರೆ ಹೋಟೆಲಿನ ಗ್ಯಾಸಿಗೆ ಶೇ. 18, ಅಂಗಡಿ ಬಾಡಿಗೆಗೆ ಶೇ. 18 ಹಾಗೆಯೇ ಉಂಟು. ನಾವು ಬಿಲ್ಲಿಗೆ ಶೇ. 5 ಹಾಕುವವರು, 2017ರ ನವೆಂಬರಿನಿಂದ ನಮಗೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯ ಕ್ರೆಡಿಟ್ ಇಲ್ಲ. ಅಂದರೆ ಆ 18 ವಾಪಸು ಬರುವುದಿಲ್ಲ, ಅದೂ ಇಡ್ಲಿಯ ಮೇಲೆಯೇ ಕೂರಬೇಕು. ಇದು ಗಿರಾಕಿಗೆ ಕಾಣುವುದಿಲ್ಲ.

ಧಾರವಾಡದಾಕಿ, ಪುಣೆ:

ಅಣ್ಣಾರ, ನಾನು ಇಲ್ಲಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಿಮ್ಮ ಪ್ರಶ್ನೆಯನ್ನು ಇವತ್ತು ತರಗತಿಯಲ್ಲೇ ಓದಿದೆ, ಮಕ್ಕಳು ಒಂದು ತಾಸು ಅದರ ಮೇಲೆಯೇ ಕೂತರು. ಉದ್ದ ಆದರೂ ಓದಿರಿ.

ಮೊದಲನೆಯ ಮಾತು, ನಿಮ್ಮ ಪುಸ್ತಕವೂ ಸರಿ, ಆ ಅಂಕಿಯೂ ಸುಳ್ಳಲ್ಲ. 0.25 ಎಂದರೆ ಬೆಲೆ ಇಳಿಯಿತು ಎಂದಲ್ಲ. ಹೋದ ವರ್ಷದ ಅಕ್ಟೋಬರಿಗೆ ಹೋಲಿಸಿದರೆ ಬಹಳ ಏರಲಿಲ್ಲ ಎಂದಷ್ಟೇ. ಹೋದ ಅಕ್ಟೋಬರಿನಲ್ಲಿ ಎಷ್ಟಿತ್ತು? ಶೇ. 6.21. ಆಹಾರದ್ದೊಂದೇ ತೆಗೆದರೆ ಶೇ. 10.87. ಈಗ ಲೆಕ್ಕ ಹಾಕಿರಿ. 2023ರ ಅಕ್ಟೋಬರಿನಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಂತೆ 2024ಕ್ಕೆ 106 ರೂಪಾಯಿ 21 ಪೈಸೆ ಆಯಿತು. ಅದರ ಮೇಲೆ ಈ 0.25 ಕೂಡಿಸಿದರೆ 106 ರೂಪಾಯಿ 48 ಪೈಸೆ. ಏರಿದ್ದು ಏರಿದಲ್ಲೇ ನಿಂತಿದೆ. ಆಹಾರ ಈ ವರ್ಷ ಶೇ. 5.02 ಇಳಿದದ್ದು ಖರೆ, ಆದರೆ ಅದು 110.87ರಿಂದ 105.30ಕ್ಕೆ ಬಂದಿದೆ, 100ಕ್ಕೆ ಬಂದಿಲ್ಲ. ನಿಮ್ಮ ಅಜ್ಜನಿಗೆ ಇದನ್ನು ಲಿಫ್ಟಿನ ಲೆಕ್ಕದಲ್ಲಿ ಹೇಳಬಹುದು: ಆರನೇ ಮಾಳಿಗೆಗೆ ಹೋಗಿ ನಿಂತ ಲಿಫ್ಟು 'ನಾನೀಗ ಏರುತ್ತಿಲ್ಲ' ಎಂದರೆ ಅದು ನೆಲದ ಮೇಲಿದೆ ಎಂದಲ್ಲ.

ಎರಡನೆಯದು, ಬೆಲೆ ಅಳೆಯಲು ಲೆಕ್ಕಕ್ಕೆ ಹಿಡಿದ ಸಾಮಾನುಗಳ ಬುಟ್ಟಿಯಲ್ಲಿ ಏನಿದೆ ಎಂಬುದು. ದೇಶದ 1,114 ನಗರ ಮಾರುಕಟ್ಟೆ, 1,181 ಹಳ್ಳಿಗಳಲ್ಲಿ ಬೆಲೆ ಕೇಳಿ ಬರೆಯುತ್ತಾರೆ. ದಿಲ್ಲಿಯಲ್ಲಿ ಕೂತು ಮಾಡುವುದಲ್ಲ ಇದು. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಆ ಕೆಲಸದಲ್ಲಿ ಇದ್ದಳು. ಅದೇ ಅಂಗಡಿ, ಅದೇ ಜಾತಿಯ ಬೇಳೆ, ಅದೇ ಅಳತೆ, ಮಳೆಗಾಲದಲ್ಲೂ ಛತ್ರಿ ಹಿಡಿದು ನಿಂತು ಕೇಳಬೇಕು. ಕೊಳ್ಳುವುದಿಲ್ಲ, ಬರೀ ದರ ಕೇಳುತ್ತಾಳೆಂದು ಅಂಗಡಿಯವರು ಬೈದು ಕಳಿಸುತ್ತಿದ್ದರಂತೆ. ಆಕೆ ಬರೆದ ಅಂಕಿಯನ್ನು ಸುಳ್ಳೆಂದರೆ ನನಗೆ ಸಿಟ್ಟು ಬರುತ್ತದೆ.

ದೋಷ ಇರುವುದು ತೂಕದಲ್ಲಿ, ಅಂದರೆ ಯಾವ ಸಾಮಾನಿಗೆ ಲೆಕ್ಕದಲ್ಲಿ ಎಷ್ಟು ಪಾಲು ಎಂಬುದರಲ್ಲಿ. ಈ ಬುಟ್ಟಿ ಕಟ್ಟಿದ್ದು 2011-12ರ ಮನೆಖರ್ಚಿನ ಸಮೀಕ್ಷೆಯಿಂದ. ಅದರಲ್ಲಿ ಹಳ್ಳಿ-ನಗರ ಕೂಡಿಸಿ ತಿನ್ನುವ-ಕುಡಿಯುವ ಸಾಮಾನಿನ ತೂಕ 100ಕ್ಕೆ 45.86. ಆದರೆ 2022-23ರ ಸಮೀಕ್ಷೆಯಲ್ಲಿ ನಗರದ ಮನೆಯ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಶೇ. 39 ಮಾತ್ರ. ಉಳಿದದ್ದು ಬಸ್ಸು, ಫೀಸು, ಔಷಧ, ಮೊಬೈಲು. ಹಾಗಾಗಿ ಉಳ್ಳಾಗಡ್ಡಿ-ಬಟಾಟೆ ಬಿದ್ದಾಗ ಅಂಕಿ ನಮ್ಮ ಮನೆಯ ಖರ್ಚಿಗಿಂತ ಜೋರಾಗಿ ಬೀಳುತ್ತದೆ. ಆಹಾರ ಮತ್ತು ಇಂಧನ ಬಿಟ್ಟು ನೋಡಿದರೆ ಅಕ್ಟೋಬರಿನಲ್ಲೂ ಹಣದುಬ್ಬರ ಶೇ. 4ರ ಮೇಲೇ ಇದೆ. ನಿಮ್ಮ ಗಲ್ಲೆಗೆ ತಾಗುತ್ತಿರುವುದರಲ್ಲಿ ಅದೂ ಒಂದು. 2024ನ್ನು ಆಧಾರ ವರ್ಷ ಮಾಡಿದ ಹೊಸ ಸೂಚ್ಯಂಕ 2026ರ ಫೆಬ್ರವರಿಗೆ ಬರುತ್ತದೆ ಎಂದಿದ್ದಾರೆ.

ಇಷ್ಟು ಹೇಳಿದ ಮೇಲೆ ನಿಮ್ಮ ಪಕ್ಕದ ಟೇಬಲಿನ ಮೊದಲನೆಯವನ ಪರವಾಗಿಯೂ ಮಾತಾಡಬೇಕು. ಜನಕ್ಕೆ ಅನುಮಾನ ಸುಮ್ಮನೆ ಹುಟ್ಟಲಿಲ್ಲ. 2019ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಪಿ.ಸಿ. ಮೋಹನನ್, ಜೆ.ವಿ. ಮೀನಾಕ್ಷಿ ಇಬ್ಬರೂ ರಾಜೀನಾಮೆ ಕೊಟ್ಟರು. ಆಯೋಗ ಒಪ್ಪಿದ ಉದ್ಯೋಗ ಸಮೀಕ್ಷೆಯನ್ನು ಸರ್ಕಾರ ಹೊರಗೆ ಬಿಟ್ಟಿರಲಿಲ್ಲ. ಅದು ಬಂದದ್ದು ಚುನಾವಣೆ ಮುಗಿದು, ಹೊಸ ಮಂತ್ರಿಗಳು ಪ್ರಮಾಣವಚನ ತೆಗೆದುಕೊಂಡ ಮರುದಿನ, ಮೇ 31ಕ್ಕೆ, ನಿರುದ್ಯೋಗ ಶೇ. 6.1. ಅದೇ ವರ್ಷದ ನವೆಂಬರಿನಲ್ಲಿ 2017-18ರ ಮನೆಖರ್ಚಿನ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲವೆಂದು ಪ್ರಕಟಿಸದೆ ಬಿಟ್ಟರು. ಅದು ಬಂದಿದ್ದರೆ ಈ ಬುಟ್ಟಿ ಇಷ್ಟು ಹಳತಾಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. 2021ಕ್ಕೆ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಬೇಡವಾದ ಅಂಕಿಯನ್ನು ಒಮ್ಮೆ ಬಚ್ಚಿಟ್ಟರೆ ಮುಂದೆ ಖರೆ ಅಂಕಿ ಕೊಟ್ಟಾಗಲೂ ಜನ ನಂಬುವುದಿಲ್ಲ. ಛತ್ರಿ ಹಿಡಿದು ನಿಂತ ಆ ಹುಡುಗಿಯ ಶ್ರಮ ಹಾಳಾಗುವುದು ಹೀಗೆ.

ಮಾಟುಂಗ ನಿವಾಸಿ:

ಪ್ರಾಧ್ಯಾಪಕಿಯವರು ಸ್ಪಷ್ಟವಾಗಿ ಹೇಳಿದ್ದಾರೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದ ನಾನು ಎರಡು ವಿಷಯ ಸೇರಿಸುತ್ತೇನೆ.

ರಿಸರ್ವ್ ಬ್ಯಾಂಕು ಮುಂಬಯಿ ಸೇರಿದಂತೆ ದೊಡ್ಡ ನಗರಗಳ ಮನೆಮನೆಗೆ ಜನರನ್ನು ಕಳಿಸಿ, "ಈಗ ಬೆಲೆ ಎಷ್ಟು ಏರಿದೆ ಎಂದು ನಿಮಗೆ ಅನ್ನಿಸುತ್ತದೆ?" ಎಂದು ಕೇಳುತ್ತದೆ. ಉತ್ತರ ಅಧಿಕೃತ ಅಂಕಿಗಿಂತ ಬಹಳ ಮೇಲಿರುತ್ತದೆ. ಅಂದರೆ ನಿಮ್ಮ ನಾಲ್ಕನೇ ಟೇಬಲಿನವರ ಸಂಶಯ ಮಿಂಟ್ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಯ ಕಡತಗಳಲ್ಲೂ ದಾಖಲಾಗುತ್ತಿದೆ. ಅದೇ ರಿಸರ್ವ್ ಬ್ಯಾಂಕಿಗೆ 2016ರಿಂದ ಕಾನೂನಿನ ಕಟ್ಟಳೆ ಇದೆ: ಹಣದುಬ್ಬರ ಶೇ. 4, ಎರಡು ಆಚೆ, ಎರಡು ಈಚೆ. 2022ರಲ್ಲಿ ಸತತ ಮೂರು ತ್ರೈಮಾಸಿಕ ಶೇ. 6 ಮೀರಿತು, ಯಾಕೆ ತಪ್ಪಿತೆಂದು ಸರ್ಕಾರಕ್ಕೆ ಪತ್ರ ಬರೆಯಬೇಕಾಯಿತು. ಬರೆದರು. ಆ ಪತ್ರವನ್ನು ಜನರ ಮುಂದೆ ಇಡಲಿಲ್ಲ. ಬೆಲೆ ಕೊಟ್ಟವರು ನಾವು, ಪತ್ರ ಓದುವ ಹಕ್ಕು ನಮಗಿರಲಿಲ್ಲ. ಇದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಎರಡನೆಯದು ಇನ್ನೂ ಹತ್ತಿರದ್ದು. ನನ್ನ ಪಿಂಚಣಿಗೆ ತುಟ್ಟಿಭತ್ಯೆ ಇದೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಏರಿದರೆ ಆರು ತಿಂಗಳಿಗೊಮ್ಮೆ ಪಾಸ್‌ಬುಕ್ಕಿನಲ್ಲಿ ಅಷ್ಟು ಏರಿ ಬರುತ್ತದೆ. ಸೂಚ್ಯಂಕದ ಹೆಸರಿನಲ್ಲೇ ಕಾರ್ಮಿಕರಿದ್ದಾರೆ, ನೋಡಿ. ಆದರೆ ಲೇಥ್ ಮೇಲೆ ದುಡಿದ ಆ ಕಾರ್ಮಿಕರ ಇಪಿಎಸ್-95 (1995ರ ಪಿಎಫ್ ಪಿಂಚಣಿ ಯೋಜನೆ) ಪಿಂಚಣಿಗೆ ತುಟ್ಟಿಭತ್ಯೆಯೇ ಇಲ್ಲ. ಕನಿಷ್ಠ ಮೊತ್ತ 1,000 ರೂಪಾಯಿ ಎಂದು 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದದ್ದು ಇಂದಿಗೂ 1,000. ಅವರಿಗೆ ಹಣದುಬ್ಬರ 0.25 ಆದರೇನು, 6 ಆದರೇನು, 1,840 ಹಾಗೇ ಇರುತ್ತದೆ. ನನ್ನ ಮನೆಯಲ್ಲಿ ಈ ಅಂಕಿಯನ್ನು ನಾನು ಶಾಂತವಾಗಿ ಓದುವುದಕ್ಕೂ, ಅವರು ಅಂಗೈಯಲ್ಲಿ ನಾಣ್ಯ ಹಿಡಿದು ಓದುವುದಕ್ಕೂ ಇರುವ ವ್ಯತ್ಯಾಸ ಇದೇ.

ಗೌಂಡಿ, ವಾಸ್ಕೊ:

ಮಾಲಕರ, ಅಕ್ಕಾರ, ಎಲ್ಲಾರಿಗೂ ಶರಣ್ರಿ. ನಾ ಬಿಜಾಪುರ ಕಡಿಯಾಂವ, ಗೋವಾದಾಗ ಗೌಂಡಿ ಕೆಲಸ. ನೀವೆಲ್ಲಾ ಉಳ್ಳಾಗಡ್ಡಿ ಇಳದೈತಿ ಅಂತ ಬರದೀರಿ. ಅದು ನಮ್ಮಣ್ಣನ ಹೊಲದ್ದು.

ಎರಡ ಎಕರೆ ಹಾಕಿದ್ದ. ಬೀಜ, ಗೊಬ್ಬರ, ಕೀಳೂ ಆಳು, ಎಲ್ಲಾ ಸಾಲ. ಸೆಪ್ಟೆಂಬರದ ಮಳಿಗೆ ಅರ್ಧ ಕೊಳತು ಹೋತು. ಉಳದದ್ದು ಮಾರ್ಕೆಟಿಗೆ ಒಯ್ದ್ರ ಐವತ್ತ ಕಿಲೋ ಚೀಲಕ್ಕ ಮುನ್ನೂರು ರೂಪಾಯಿ. ಕಿಲೋಕ್ಕ ಆರು. ಚೀಲದ್ದು, ಹಮಾಲಿ, ಬಾಡಿಗಿ ಕಳದ್ರ ಕೈಯಾಗ ಏನೂ ಉಳಿಲಿಲ್ಲ. ಅದನ್ನ ನಮ್ಮ ಮಾಲಕ್ರು ಹದಿನೇಳಕ್ಕ ತಗೋತಾರ. ಹನ್ನೊಂದು ರೂಪಾಯಿ ನಡುವ ಎಲ್ಲಿ ಹೋತು?

2023ರ ಡಿಸೆಂಬರದಾಗ ರೇಟ್ ಇತ್ತು, ಆವಾಗ ರಫ್ತು ಬಂದ್ ಮಾಡಿದ್ರು. ಮುಂದ ಬಿಟ್ಟ್ರು, ನಲವತ್ತ ಟಕ್ಕೆ (ಶೇಕಡಾ) ಸುಂಕ ಹಚ್ಚಿದ್ರು. ಈ ವರ್ಷ ಏಪ್ರಿಲ್ ಒಂದಕ್ಕ ಸುಂಕ ಪೂರಾ ತಗದ್ರು, ಅಷ್ಟರಾಗ ರೇಟ್ ಬಿದ್ದಿತ್ತು. ಪ್ಯಾಟಿಯಾಗ ತುಟ್ಟಿ ಆದ್ರ ದಿಲ್ಲಿಗೆ ಒಂದ ವಾರದಾಗ ಕೇಳಸ್ತೈತ್ರಿ. ಹೊಲದಾಗ ಬಿದ್ದ್ರ ಕೇಳಸೂದಿಲ್ಲ. ನೀವು ಅಂಕಿ ಸುಳ್ಳೋ ಖರೇನೋ ಅಂತೀರಿ. ನನಗ ಅದು ಖರೇ ಅನಸ್ತೈತಿ. ಆ ಸೊನ್ನಿ ಆಗಾಕ ನಮ್ಮಣ್ಣಂದೂ ಪಾಲ ಐತಿ.

ಥಾಣೆ ಕನ್ನಡಿಗ:

ಇದನ್ನು ನಾನು ಯೋಚಿಸಿರಲಿಲ್ಲ. ರಫ್ತು ನಿಲ್ಲಿಸಿದಾಗ ಒಳ್ಳೆಯದಾಯಿತು ಎಂದು ಇಲ್ಲಿಯೇ ಬರೆದವ ನಾನು, ಕಿಲೋಗೆ 70 ಕೊಡುತ್ತಿದ್ದೆವು ಆಗ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೆ ನಿಮ್ಮ ಮಾತು ಮನೆಯಲ್ಲಿ ಓದಿ ಹೇಳಿದೆ.

ಮುಲುಂಡಿನ ಹೋಟೆಲಿನವ:

ಎಲ್ಲರಿಗೂ ಉಪಕಾರವಾಯಿತು. ಸೋಮವಾರ ಅಜ್ಜ ಬಂದರು. ಮೇಡಂ ಹೇಳಿದ ಲಿಫ್ಟಿನ ಲೆಕ್ಕ ಮರಾಠಿಯಲ್ಲಿ ಹೇಳಿದೆ, ತಲೆಯಾಡಿಸಿದರು. ಆಮೇಲೆ ಕಪಾಟಿನಿಂದ ಹಳೇ ಪುಸ್ತಕ ತೆಗೆದು ಟೇಬಲಿನ ಮೇಲಿಟ್ಟು, ಕಾಯಿಯ ಸಾಲು, ಎಣ್ಣೆಯ ಸಾಲು ಬೆರಳಿಟ್ಟು ತೋರಿಸಿದೆ. ಬರೆದದ್ದು ಕನ್ನಡದಲ್ಲಿ, ಆದರೆ ಅಂಕಿ ಅವರಿಗೆ ಓದಲು ಬಂತು. ಕನ್ನಡಕ ಏರಿಸಿ ಎರಡೂ ಪುಟ ಕೂಡಿಸಿ ಕಳೆದರು. ಲೇಥಿನವರ ಕಣ್ಣು ಅದು, ಜೂನ್ ತಿಂಗಳಲ್ಲಿ ನಾನು ಸಕ್ಕರೆಯ ಮೊತ್ತ ತಪ್ಪು ಕೂಡಿಸಿದ್ದನ್ನು ಹಿಡಿದರು. 'ಶೇಟ್, ಇಲ್ಲಿ ನಿಮಗೇ 90 ರೂಪಾಯಿ ನಷ್ಟ' ಎಂದರು.

ಮಾಟುಂಗದ ರಾಯರು ಬರೆದದ್ದನ್ನೂ ಹೇಳಿದೆ. ಅವರಿಗೆ ಅದು ಗೊತ್ತಿತ್ತು. ಪಿಂಚಣಿಯವರ ಸಭೆಗೆ ಆಜಾದ್ ಮೈದಾನಕ್ಕೆ ಎರಡು ಸಲ ಹೋಗಿ ಬಂದಿದ್ದಾರಂತೆ. ಅಂದಿನಿಂದ ಬೋರ್ಡಿನಲ್ಲಿ ಒಂದು ಸಾಲು ಜಾಸ್ತಿ ಬರೆಸಿದ್ದೇನೆ: ಸಿಂಗಲ್ ಇಡ್ಲಿ 25. ಕೇಳುವವರು ಅವರೊಬ್ಬರೇ ಅಲ್ಲ ಎಂದು ಎರಡೇ ದಿನದಲ್ಲಿ ಗೊತ್ತಾಯಿತು.

ವಾಸ್ಕೊದ ಗೌಂಡಿಯವರೇ, ನಿಮ್ಮ ಹನ್ನೊಂದು ರೂಪಾಯಿಯ ಪ್ರಶ್ನೆ ನನ್ನನ್ನು ಮಲಗಲು ಬಿಡಲಿಲ್ಲ. ವಾಶಿ ಮಾರ್ಕೆಟಿನಲ್ಲಿ ನಾನು ಕೊಡುವ ದರ ಬರೆದಿಟ್ಟಿದ್ದೇನೆ ಹೊರತು ಬೆಳೆದವನಿಗೆ ಎಷ್ಟು ಹೋಯಿತೆಂದು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ. ನನಗೆ ವಾರಕ್ಕೆ ಎರಡು ಚೀಲ ಬೇಕು. ಇಲ್ಲಿಯ ನಮ್ಮ ಊರಿನವರ ನಾಲ್ಕು ಹೋಟೆಲುಗಳಲ್ಲಿ ಕೇಳಿದೆ, ಒಟ್ಟು ಒಂಬತ್ತು ಆಗುತ್ತದೆ. ಅಣ್ಣನ ಹತ್ತಿರ ಒಣಗಿದ ಮಾಲು ಇನ್ನೂ ಉಂಟಾ? ಲಾರಿ ಬಾಡಿಗೆ ನಾವು ಹಂಚಿಕೊಳ್ಳುತ್ತೇವೆ, ಕಿಲೋಗೆ 12 ಅವರ ಕೈಗೆ.

ಗೌಂಡಿ, ವಾಸ್ಕೊ:

ಅಣ್ಣಗ ಫೋನ್ ಹಚ್ಚಿದ್ನಿರಿ ಮಾಲಕರ. ಮೊದಲ ನಂಬಲಿಲ್ಲ, ಯಾವ ದಲಾಲಿ ಅಂತ ಕೇಳಿದ. ಅರವತ್ತ ಚೀಲ ಐತಂತ, ಕೊಳತದ್ದು ಆರಿಸಿ ತಗದ್ರ ನಲವತ್ತೈದು. ಬುಧವಾರ ಊರಿಂದ ಒಂದ ಗಾಡಿ ಭಿವಂಡಿಗೆ ಬರತೈತಿ. ಮೊದಲ ಒಂಬತ್ತ ಕಳಸ್ತಾನ, ನೋಡಿ ರೊಕ್ಕ ಕೊಡ್ರಿ.